ಬ್ಯಾಚ್ ನಿಂತರೂ ಲೆಕ್ಕ ನಿಲ್ಲಬಾರದು

ಧರ್ಮಪುರಿ, ಸೇಲಂ ಕಡೆ ಹೊಲಿಗೆ ಕಲಿತ ಹೆಣ್ಣುಮಕ್ಕಳು ಕೆಲಸ ಹುಡುಕಿಕೊಂಡು ತಿರುಪ್ಪೂರು, ಹೊಸೂರು, ಬೆಂಗಳೂರಿಗೆ ಹೋಗುತ್ತಾರೆ. ಅಲ್ಲಿ ಗಾರ್ಮೆಂಟ್ಸ್ ಲೈನಿನಲ್ಲಿ ಕೂರಬೇಕಾದರೆ ಪವರ್ ಮೆಷಿನ್ ಮೇಲೆ ಕೈ ಪಳಗಿರಬೇಕು. ಅದನ್ನು ಕಲಿಸಲೆಂದೇ ಪರಿಚಯದವರು ಕೆಲವರು ಸೇರಿ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಕಟ್ಟಿದರು. ನಾನು ಅಲ್ಲಿ ಹೊಲಿಗೆ ಕಲಿಸುತ್ತಿದ್ದೆ. ಸೇಲಂನ ಕೇಂದ್ರಕ್ಕೆ ಮನೆಯಲ್ಲಿ ಕನ್ನಡ ಮಾತಾಡುವ ದೇವಾಂಗರ ಮಕ್ಕಳೂ ಬರುತ್ತಿದ್ದರು. ಅಪ್ಪನ ಮಗ್ಗ ನಿಂತಿದೆ, ಮಗಳು ಹೊಲಿಗೆಗೆ ಬಂದಿದ್ದಾಳೆ ಎಂಬ ಮನೆಗಳವು.

ಸರ್ಕಾರಿ ಯೋಜನೆಗಳ ತರಬೇತಿ ನಡೆಯುವುದು ಟಾರ್ಗೆಟ್ ಮೇಲೆ. ಇಷ್ಟು ಜನಕ್ಕೆ ಕಲಿಸಿ ಎಂದು ಮೇಲಿನಿಂದ ಸಂಖ್ಯೆ ಬಂದರೆ ಬ್ಯಾಚ್, ಬರದಿದ್ದರೆ ಬಾಗಿಲಿಗೆ ಬೀಗ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ಬ್ಯಾಚ್ ನಿಂತಿತು, ಆಮೇಲೆ ನಮಗೆ ಟಾರ್ಗೆಟ್ ಬರಲಿಲ್ಲ. ಮೆಷಿನ್‌ಗಳಿಗೆ ಟಾರ್ಪಾಲ್ ಹೊದಿಸಿ ಎಲ್ಲರೂ ಬೇರೆ ಬೇರೆ ಕೆಲಸ ಹಿಡಿದರು. ಕೆಲವು ವರ್ಷ ಕಳೆದು ಹೊಸ ಯೋಜನೆಗೆ ಅರ್ಜಿ ಹಾಕಲು ಹೋದಾಗ ಗೊತ್ತಾಯಿತು, ಕಂಪನಿಯ ಹೆಸರಿನ ಮುಂದೆ ‘ಸ್ಟ್ರಕ್ ಆಫ್’, ಅಂದರೆ ಪಟ್ಟಿಯಿಂದ ಹೊಡೆದುಹಾಕಲಾಗಿದೆ, ಎಂದಿದೆ. ನೋಟಿಸ್ ಬಂದಿತ್ತು. ಅದು ಹೋಗಿದ್ದು ಎಂದೋ ಕೆಲಸ ಬಿಟ್ಟ ಲೆಕ್ಕಿಗರ ಇಮೇಲಿಗೆ. ಕಾಗದಪತ್ರ ಸರಿಪಡಿಸುವ ಓಡಾಟ ನನ್ನ ಪಾಲಿಗೆ ಬಂದದ್ದು ಹೀಗೆ. ಈಗ ಬರೆಯುತ್ತಿರುವುದೆಲ್ಲ ಆ ಓಡಾಟದಲ್ಲಿ ಕಲಿತದ್ದು.

2013ರ ಕಂಪನಿ ಕಾಯ್ದೆಯ 248ನೇ ಕಲಂ ಪ್ರಕಾರ, ಹಿಂದಿನ ಎರಡು ಹಣಕಾಸು ವರ್ಷ ವ್ಯವಹಾರ ನಡೆಸದ ಕಂಪನಿಯನ್ನು ಕಂಪನಿಗಳ ರಿಜಿಸ್ಟ್ರಾರ್ ಪಟ್ಟಿಯಿಂದ ತೆಗೆಯಬಹುದು. ಮೊದಲು ಕಂಪನಿಗೂ ನಿರ್ದೇಶಕರಿಗೂ ನೋಟಿಸ್, ಉತ್ತರಕ್ಕೆ 30 ದಿನ. ಆಮೇಲೆ ಸಾರ್ವಜನಿಕ ಪ್ರಕಟಣೆ. ಈ ಕಲಂ ಬೇಡವೆಂದು ನಾನು ಹೇಳುವುದಿಲ್ಲ. 2017ರಲ್ಲಿ ದೇಶದಾದ್ಯಂತ ಎರಡು ಲಕ್ಷಕ್ಕೂ ಹೆಚ್ಚು ಕಂಪನಿಗಳ ಹೆಸರು ಹೊಡೆದುಹಾಕಿದಾಗ ಹಣ ತಿರುಗಿಸಲೆಂದೇ ಹುಟ್ಟಿದ ಖೊಟ್ಟಿ ಕಂಪನಿಗಳೂ ಹೋದವು, ಒಳ್ಳೆಯದೇ ಆಯಿತು. ಆದರೆ ಟಾರ್ಗೆಟ್‌ಗಾಗಿ ಕಾಯುತ್ತಿರುವ ತರಬೇತಿ ಸಂಸ್ಥೆಯೂ ಖೊಟ್ಟಿ ಕಂಪನಿಯೂ ದಾಖಲೆಯಲ್ಲಿ ಒಂದೇ ಥರ ಕಾಣುತ್ತವೆ.

ಅದೇ ಕಾಯ್ದೆಯಲ್ಲಿ ಇದಕ್ಕೆ ದಾರಿಯೂ ಇದೆ ಎನ್ನುವುದು ನಮ್ಮ ಕಡೆಯ ತರಬೇತಿ ಸಂಸ್ಥೆಗಳಲ್ಲಿ ನಾನು ಕೇಳಿದ ಯಾರಿಗೂ ಗೊತ್ತಿರಲಿಲ್ಲ. 455ನೇ ಕಲಂ ಅಡಿ ಎಂಎಸ್‌ಸಿ-1 ಅರ್ಜಿ ಹಾಕಿ ‘ಸುಪ್ತ ಕಂಪನಿ’ ಎಂಬ ಸ್ಥಾನ ಪಡೆಯಬಹುದು. ವರ್ಷಕ್ಕೊಮ್ಮೆ ಚಿಕ್ಕದೊಂದು ರಿಟರ್ನ್ ಸಲ್ಲಿಸುತ್ತಿದ್ದರೆ ಐದು ವರ್ಷದವರೆಗೆ ಕಂಪನಿ ಉಳಿಯುತ್ತದೆ. ನೋಟಿಸ್ ಬರುವ ಮೊದಲೇ ಇದನ್ನು ಮಾಡಿಸಬೇಕು.

ಮಾಡಿಸದಿದ್ದರೆ ಖರ್ಚು ಎಷ್ಟು ನೋಡಿ. ಬ್ಯಾಲೆನ್ಸ್ ಶೀಟ್ ಮತ್ತು ವಾರ್ಷಿಕ ರಿಟರ್ನ್ ತಡವಾದರೆ ಒಂದೊಂದಕ್ಕೂ ದಿನಕ್ಕೆ 100 ರೂಪಾಯಿ ಹೆಚ್ಚುವರಿ ಶುಲ್ಕ. ಎರಡೂ ಸೇರಿ ವರ್ಷಕ್ಕೆ 73,000. ಸತತ ಮೂರು ವರ್ಷ ಸಲ್ಲಿಸದಿದ್ದರೆ ನಿರ್ದೇಶಕರು ಐದು ವರ್ಷ ಅನರ್ಹರು. ಜಿಎಸ್‌ಟಿ ಇನ್ನೂ ಬೇಗ: ತಿಂಗಳ ರಿಟರ್ನ್ ಸತತ ಆರು ತಿಂಗಳು ಬಾಕಿ ಬಿದ್ದರೆ ನೋಂದಣಿ ರದ್ದುಮಾಡಬಹುದು. ಧರ್ಮಪುರಿ, ಸೇಲಂ ಜಿಲ್ಲೆಗಳ ಕಂಪನಿಗಳು ಕೊಯಮತ್ತೂರಿನ ರಿಜಿಸ್ಟ್ರಾರ್ ವ್ಯಾಪ್ತಿಗೆ ಸೇರಿವೆ. ಹೊಡೆದುಹಾಕಿದ ಹೆಸರನ್ನು ಮರಳಿ ಪಡೆಯಲು ಮಾತ್ರ ಚೆನ್ನೈನ ಕಂಪನಿ ಕಾನೂನು ನ್ಯಾಯಮಂಡಳಿಗೆ ಹೋಗಬೇಕು. ಕಂಪನಿ, ಸದಸ್ಯರು ಅಥವಾ ಸಾಲ ಕೊಟ್ಟವರು ಅರ್ಜಿ ಹಾಕಲು 20 ವರ್ಷದ ಅವಕಾಶವಿದೆ. ಅವಧಿ ಉದ್ದ ಇದೆ ಎಂದು ಸುಮ್ಮನಿರಬೇಡಿ. ದಿನದ ನೂರು ರೂಪಾಯಿ ಓಡುತ್ತಲೇ ಇರುತ್ತದೆ.

ನನಗಿದ್ದ ದೊಡ್ಡ ಭಯ ಕಲಿತ ಹುಡುಗಿಯರದ್ದು. ಅವರ ಪ್ರಮಾಣಪತ್ರ ಕೊಟ್ಟದ್ದು ಸೆಕ್ಟರ್ ಸ್ಕಿಲ್ ಕೌನ್ಸಿಲ್ ಆದ್ದರಿಂದ ಅವರಿಗೇನೂ ಆಗಲಿಲ್ಲ. ಪೆಟ್ಟು ಬಿದ್ದದ್ದು ಹಣಕ್ಕೆ. ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯ ಎರಡನೇ ಹಂತದಲ್ಲಿ ತರಬೇತಿ ಶುಲ್ಕದ ಕೊನೆಯ ಶೇ. 20 ಭಾಗ ಸಿಗುತ್ತಿದ್ದುದು ಕೆಲಸ ಕೊಡಿಸಿದ ಮೇಲೆ. ನಮ್ಮ ಆ ಕಂತು ಬಾಕಿ ಇರುವಾಗಲೇ ಕಂಪನಿಯ ಬ್ಯಾಂಕ್ ಖಾತೆ ಸ್ಥಗಿತಗೊಂಡಿತು. ಕಲಿಸಿದ ಟೀಚರುಗಳ ಬಾಕಿ ಸಂಬಳ ಅದರಲ್ಲೇ ಬರಬೇಕಿತ್ತು.

ಸೇಲಂ, ಧರ್ಮಪುರಿಯಲ್ಲಿ ಬಾಗಿಲು ಹಾಕಿರುವ ಕೇಂದ್ರಗಳವರು ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ತಮ್ಮ ಹೆಸರು ‘ಆಕ್ಟಿವ್’ ಇದೆಯೇ ಎಂದು ಈ ವಾರವೇ ನೋಡಿಕೊಳ್ಳಿ. ಅಲ್ಲಿರುವ ಇಮೇಲ್, ಮೊಬೈಲ್ ನಂಬರು ಈಗಲೂ ನಿಮ್ಮ ಕೈಯಲ್ಲಿರಲಿ. ಟಾರ್ಗೆಟ್ ಹಂಚುವ ಇಲಾಖೆಗಳಿಗೂ ಒಂದು ಮನವಿ: ಈ ವರ್ಷ ಟಾರ್ಗೆಟ್ ಇಲ್ಲ ಎಂಬುದನ್ನು ಲಿಖಿತವಾಗಿ ತಿಳಿಸಿ. ನೋಟಿಸಿಗೆ ಉತ್ತರ ಬರೆಯುವಾಗ ತೋರಿಸಲು ಸಂಸ್ಥೆಯ ಕೈಯಲ್ಲಿ ಅದೊಂದು ಕಾಗದವಾದರೂ ಇರಲಿ.