ಹಳೆಯ ಕೊಡಲಿ ಕೊಳ್ಳುವಾಗ ಹೊಳಪಿಗೆ ಮರುಳಾಗಬೇಡಿ

ಅಮೆರಿಕದ ಹಳೆಯ ಮನೆಗಳ ಶೆಡ್ಡು ಖಾಲಿ ಮಾಡುವಾಗ ಹೊರಬೀಳುವ ಸಾಮಾನಿನಲ್ಲಿ ಕೊಡಲಿಯ ತಲೆಗಳು ಸಾಮಾನ್ಯ. ಕಾವು ಮುರಿದು, ತುಕ್ಕು ಹಿಡಿದು ಮೂಲೆ ಸೇರಿದ್ದ ಆ ಉಕ್ಕಿನ ತುಂಡು ಇವತ್ತು ಈಬೇ, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ಗಳಲ್ಲಿ ಕೆಲವೊಮ್ಮೆ ಹೊಸ ಕೊಡಲಿಗಿಂತ ಹೆಚ್ಚಿನ ಬೆಲೆಗೆ ಹೋಗುತ್ತದೆ. ಅಲ್ಲಿ ನೆಲೆಸಿದ ಕನ್ನಡಿಗರಿಗೆ ಗ್ಯಾರೇಜ್ ಸೇಲ್, ಎಸ್ಟೇಟ್ ಸೇಲ್‌ಗಳು ಪರಿಚಿತವೇ. ಇಲ್ಲಿ ಕುಳಿತವರಿಗೂ ಈಗ ಅದೇ ಸರಕು ಮೊಬೈಲಿನಲ್ಲಿ ಕಾಣುತ್ತದೆ. ಈ ವ್ಯಾಪಾರಕ್ಕೆ ಇಳಿಯುವವರು ಮೊದಲು ತಿಳಿಯಬೇಕಾದ ಸಂಗತಿ ಒಂದಿದೆ. ಸಂಗ್ರಾಹಕರು ಬೆಲೆ ಕಟ್ಟುವುದು ಕೊಡಲಿಯ ಅಂದಕ್ಕಲ್ಲ, ಅದರ ಮೈಮೇಲೆ ಉಳಿದಿರುವ ಸಾಕ್ಷ್ಯಕ್ಕೆ. ತಯಾರಕರ ಮುದ್ರೆ, ಅಲಗಿನ ಮೂಲ ಅಳತೆ, ಕಾಲ ಕಟ್ಟಿದ ಕಂದು ಪದರ, ಮೊದಲಿನ ಕಾವು, ಹರಿದ ಲೇಬಲ್ಲಿನ ಚೂರು ಎಲ್ಲವೂ ಸಾಕ್ಷ್ಯವೇ. ಗ್ರೈಂಡರಿನ ಮುಂದೆ ಹತ್ತು ನಿಮಿಷ ಹಿಡಿದರೆ ಇವೆಲ್ಲ ಅಳಿಸಿಹೋಗುತ್ತವೆ. ಆದ್ದರಿಂದ ಕೊಳ್ಳುವವರು ಅಳಿಸದಿರುವುದನ್ನು ಹುಡುಕಬೇಕು, ಮಾರುವವರು ಅಳಿಸದೆ ತೋರಿಸಬೇಕು. ಈ ಲೇಖನದ ಮಿಕ್ಕ ಸಲಹೆಗಳೆಲ್ಲ ಈ ಮಾತಿನಿಂದಲೇ ಹುಟ್ಟುವಂಥವು.

ಮೊದಲ ಹೆಜ್ಜೆ ಮುದ್ರೆ ಓದುವುದು. ಅಮೆರಿಕದ ಕೊಡಲಿ ಉದ್ಯಮದ ಇತಿಹಾಸ ಕೊಡಲಿಯ ಕೆನ್ನೆಯ, ಅಂದರೆ ತಲೆಯ ಪಕ್ಕದ ಮೈಯ, ಮೇಲೇ ಅಚ್ಚಾಗಿದೆ. ಕೆಲ್ಲಿ ಕಂಪನಿಯನ್ನೇ ನೋಡಿ. ವೆಸ್ಟ್ ವರ್ಜೀನಿಯಾದ ಚಾರ್ಲ್ಸ್‌ಟನ್‌ನಲ್ಲಿ ದೊಡ್ಡ ಕಾರ್ಖಾನೆ ನಡೆಸುತ್ತಿದ್ದ ಈ ಕಂಪನಿಯನ್ನು 1930ರಲ್ಲಿ ಅಮೆರಿಕನ್ ಫೋರ್ಕ್ ಆ್ಯಂಡ್ ಹೋ ಕೊಂಡಿತು. ಅದೇ ಕಂಪನಿ 1949ರಲ್ಲಿ ಟ್ರೂ ಟೆಂಪರ್ ಎಂದು ಹೆಸರು ಬದಲಿಸಿಕೊಂಡಿತು. ಹಾಗಾಗಿ ‘ಕೆಲ್ಲಿ ವರ್ಕ್ಸ್’ ಜೊತೆಗೆ ‘ಟ್ರೂ ಟೆಂಪರ್’ ಎಂದೂ ಇರುವ ತಲೆಯನ್ನು ಯಾರಾದರೂ ‘1900ರ ಕಾಲದ್ದು’ ಎಂದು ಮಾರುತ್ತಿದ್ದರೆ ಆ ಮಾತು ನಿಲ್ಲುವುದಿಲ್ಲ. ಪೆನ್ಸಿಲ್ವೇನಿಯಾದ ವಾರನ್ ಕಂಪನಿ ತಯಾರಿಸಿದ ಸೇಜರ್ ಕೆಮಿಕಲ್ ಕೊಡಲಿಗಳಲ್ಲಿ ಎಷ್ಟೋ ತಲೆಗಳ ಮೇಲೆ ಇಸವಿಯೇ ಒತ್ತಿರುತ್ತದೆ. ಹೊಸಬರಿಗೆ ಇದಕ್ಕಿಂತ ಸುಲಭದ ಪಾಠ ಸಿಗದು. ಕೀನ್ ಕಟರ್ ಎಂಬ ಹೆಸರು ಕಂಡರೆ ಅದು ಕಮ್ಮಾರಸಾಲೆಯದಲ್ಲ, ಸೇಂಟ್ ಲೂಯಿಯ ಸಿಮನ್ಸ್ ಹಾರ್ಡ್‌ವೇರ್ ವ್ಯಾಪಾರಿಗಳ ಬ್ರ್ಯಾಂಡು. ಹೀಗೆ ತಯಾರಕರು ಬೇರೆ, ಹೆಸರು ಹಾಕಿಸಿಕೊಂಡವರು ಬೇರೆ ಆಗಿರುವುದು ಈ ಕ್ಷೇತ್ರದಲ್ಲಿ ಮಾಮೂಲು. ಸ್ವೀಡನ್ನಿನ ಗ್ರೆನ್ಸ್‌ಫೋರ್ಸ್ ಕೊಡಲಿಗಳದ್ದು ಇನ್ನೊಂದು ಬಗೆ: ಅವನ್ನು ಬಡಿದ ಕಮ್ಮಾರರು ತಮ್ಮ ಹೆಸರಿನ ಮೊದಲಕ್ಷರಗಳನ್ನು ತಲೆಯ ಮೇಲೆ ಒತ್ತುತ್ತಾರೆ. ಕಂಪನಿಯ ಗುರುತಿನ ಪಕ್ಕದಲ್ಲೇ ದುಡಿದವರ ಗುರುತೂ ಉಳಿಯುವುದು ನಿಜಕ್ಕೂ ಮೆಚ್ಚಬೇಕಾದ ಪದ್ಧತಿ.

ಮುದ್ರೆ ಇದ್ದ ಮಾತ್ರಕ್ಕೆ ಕೊಡಲಿ ಅಸಲಿಯಾಗುವುದಿಲ್ಲ. ನಕಲಿಯ ಕಾಟ ಇಂಟರ್ನೆಟ್ಟಿನಿಂದ ಶುರುವಾದದ್ದೂ ಅಲ್ಲ. ಕನೆಕ್ಟಿಕಟ್‌ನಲ್ಲಿ 1826ರಲ್ಲಿ ಆರಂಭವಾಗಿ 1966ರಲ್ಲಿ ಮುಚ್ಚಿದ ಕಾಲಿನ್ಸ್ ಕಂಪನಿಯ ಹೆಸರನ್ನು ಇಂಗ್ಲೆಂಡಿನ ತಯಾರಕರು ಕದ್ದು ಒತ್ತುತ್ತಿದ್ದರೆಂದು ಆ ಕಂಪನಿ ಲಂಡನ್ನಿನ ಚಾನ್ಸರಿ ನ್ಯಾಯಾಲಯದ ಮೆಟ್ಟಿಲೇರಿತ್ತು. 1857ರ ಆ ತೀರ್ಪುಗಳನ್ನು ಟ್ರೇಡ್‌ಮಾರ್ಕ್ ಕಾನೂನು ಓದುವವರು ಇಂದಿಗೂ ಉಲ್ಲೇಖಿಸುತ್ತಾರೆ. ಇವತ್ತಿನ ಸಮಸ್ಯೆ ಇನ್ನೂ ಸೂಕ್ಷ್ಮ. ಕೆಲ್ಲಿಯ ‘ಬ್ಲ್ಯಾಕ್ ರೇವನ್’ ಕೊಡಲಿಯ ಕೆನ್ನೆಯ ಮೇಲೆ ಕಾಗೆಜಾತಿಯ ಹಕ್ಕಿಯ ಚಿತ್ರವಿರುತ್ತದೆ. ಸಂಗ್ರಾಹಕರು ಮುಗಿಬೀಳುವುದು ಇಂಥವಕ್ಕೇ. ಆದರೆ ಆ್ಯಸಿಡ್ಡಿನಿಂದಲೋ ಲೇಸರಿನಿಂದಲೋ ಅಂಥದೇ ಚಿತ್ರವನ್ನು ಹಳೆಯ ತಲೆಯ ಮೇಲೆ ಈಗಲೂ ಮೂಡಿಸಬಹುದು. ಪರೀಕ್ಷೆಯ ದಾರಿ ಇಷ್ಟೆ: ಚಿತ್ರದ ಗೆರೆಯನ್ನು ಸುತ್ತಲಿನ ಮೈಯೊಂದಿಗೆ ಹೋಲಿಸಿ. ತುಕ್ಕು ತಿಂದ ಗುಳಿಗಳು ಗೆರೆಯನ್ನೂ ಕಡಿದು ಸಾಗಿದ್ದರೆ ಗೆರೆ ಮೊದಲು ಬಂದಿದೆ, ತುಕ್ಕು ಆಮೇಲೆ. ಗುಳಿಯ ಒಳಗೂ ಗೆರೆ ಹಾಯ್ದು ಇಳಿದಿದ್ದರೆ ಅಥವಾ ಸುತ್ತಲೂ ಗುಳಿಬಿದ್ದ ಮೈಯಲ್ಲಿ ಹಕ್ಕಿಯೊಂದು ಮಾತ್ರ ಚೂಪಾಗಿ, ಸ್ವಚ್ಛವಾಗಿ ನಿಂತಿದ್ದರೆ ಅನುಮಾನಿಸಲೇಬೇಕು. ಎದುರಿನಿಂದ ಫ್ಲ್ಯಾಷ್ ಹಾಕಿ ತೆಗೆದ ಫೋಟೊದಲ್ಲಿ ಇದು ಕಾಣುವುದಿಲ್ಲ. ಬೆಳಕು ಓರೆಯಾಗಿ ಬೀಳುವಂತೆ ತೆಗೆದ ಹತ್ತಿರದ ಫೋಟೊ ಕೇಳಿ.

ಮುದ್ರೆಯ ನಂತರ ಅಲಗು. ಹಳೆಯ ಕಾಲದ ಎಷ್ಟೋ ಕೊಡಲಿಗಳಲ್ಲಿ ಮೈ ಮೆದು ಕಬ್ಬಿಣದ್ದು, ಬಾಯಿಗೆ ಮಾತ್ರ ಗಟ್ಟಿ ಉಕ್ಕು ಬೆಸೆದಿರುತ್ತಿದ್ದರು. ಇಡೀ ತಲೆ ಉಕ್ಕಿನದೇ ಆಗಿದ್ದರೂ ಹದ ಕೊಡುತ್ತಿದ್ದದ್ದು ಬಾಯಿಯ ಭಾಗಕ್ಕೇ. ವರ್ಷಗಟ್ಟಲೆ ಸಾಣೆ ಹಿಡಿದು ಆ ಭಾಗ ಸವೆದುಹೋಗಿದ್ದರೆ ಉಳಿದಿರುವುದು ಹರಿತ ನಿಲ್ಲದ ಮೆದು ಲೋಹ. ಗ್ರೈಂಡರ್ ಹಿಡಿದವರು ಅಲಗನ್ನು ಕಾಯಿಸಿದ್ದರೆ ಹದವೇ ಕೆಟ್ಟಿರುತ್ತದೆ: ಉಕ್ಕು ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಅಂಚಿನಲ್ಲಿ ನೀಲಿ ಬಣ್ಣ ಏಳುತ್ತದೆ. ಆ ನೀಲಿಯನ್ನು ಉಜ್ಜಿ ಮರೆಮಾಡಬಹುದು, ಹೋದ ಉಕ್ಕನ್ನು ಮಾತ್ರ ಮರೆಮಾಡಲಾಗದು. ಅದಕ್ಕೆ ಒಳ್ಳೆಯ ಸಾಕ್ಷಿ ತಕ್ಕಡಿ. ಅನೇಕ ತಲೆಗಳ ಮೇಲೆ ತೂಕ ಪೌಂಡಿನಲ್ಲಿ ಒತ್ತಿರುತ್ತದೆ. ಮೂರೂವರೆ ಪೌಂಡ್ ಎಂದರೆ ಹತ್ತಿರ ಹತ್ತಿರ 1.6 ಕಿಲೊ. ಕಾವಿಲ್ಲದ ತಲೆಯನ್ನು ಅಡುಗೆಮನೆಯ ತಕ್ಕಡಿಯ ಮೇಲಿಟ್ಟು ಫೋಟೊ ಕಳಿಸಿ ಎಂದು ಮಾರುವವರನ್ನು ಕೇಳಿ. ಕಾರ್ಖಾನೆಯಲ್ಲೇ ಅಷ್ಟಿಷ್ಟು ಹೆಚ್ಚುಕಡಿಮೆ ಇರುತ್ತಿತ್ತು, ನಿಜ. ಆದರೆ ಒತ್ತಿದ್ದು ಮೂರೂವರೆ, ತೂಗಿದ್ದು ಮೂರಕ್ಕೂ ಕಡಿಮೆ ಎಂದಾದರೆ ಉಳಿದದ್ದು ಸಾಣೆಯ ಪಾಲಾಗಿದೆ ಎಂದೇ ತಿಳಿಯಬೇಕು. ಕೊಡಲಿಯ ಹಿಂಬದಿಯನ್ನೂ ನೋಡಬೇಕು. ಕಲ್ಲು ಸೀಳುವ ಬೆಣೆಯನ್ನು ಅದರಿಂದ ಬಡಿದಿದ್ದರೆ ಅಂಚು ಅಣಬೆಯಂತೆ ಹೊರಗೆ ಮಡಚಿಕೊಂಡಿರುತ್ತದೆ, ಕಾವು ತೂರುವ ಕಣ್ಣೂ ಅಗಲಗೊಂಡಿರುತ್ತದೆ. ಕಣ್ಣಿನ ಫೋಟೊ ಮೇಲಿನಿಂದ ಒಂದು, ಕೆಳಗಿನಿಂದ ಒಂದು ಬೇಕೇ ಬೇಕು. ಕೂದಲೆಳೆಯಂಥ ಬಿರುಕು ಶುರುವಾಗುವುದು ಸಾಮಾನ್ಯವಾಗಿ ಅಲ್ಲೇ.

ಕಾವಿನ ವಿಷಯದಲ್ಲಿ ಸಂಗ್ರಾಹಕರ ಆಸಕ್ತಿ ಹೊಸಬರಿಗೆ ಅತಿ ಎನಿಸಬಹುದು. ಕಾವು ಸವೆಯುವ ಭಾಗ, ಬದಲಿಸುವುದು ಸಹಜ ಎಂಬ ವಾದ ತಪ್ಪಲ್ಲ. ಹಾಗೆ ಬದಲಿಸಿದ್ದರಿಂದಲೇ ಮೊದಲಿನ ಕಾವು ಉಳಿದ ಕೊಡಲಿ ಅಪರೂಪ, ಬೆಲೆಯೂ ಅದಕ್ಕೇ. ಹಿಕರಿ ಮರದ ಹಳೆಯ ಕಾವು ಇವತ್ತಿನದಕ್ಕಿಂತ ತೆಳ್ಳಗಿರುತ್ತದೆ. ಹಿಡಿಯ ತುದಿ ಜಿಂಕೆಮರಿಯ ಗೊರಸಿನಂತೆ ಓರೆಯಾಗಿ ಚೂಪುಗೊಂಡಿರುತ್ತದೆ. ಫಿಲಡೆಲ್ಫಿಯಾದ ಪ್ಲಂಬ್ ಕಂಪನಿ ಒಂದು ಕಾಲದಲ್ಲಿ ಕಣ್ಣಿನೊಳಗೆ ಬೆಣೆಯ ಬದಲು ಪರ್ಮಾಬಾಂಡ್ ಎಂಬ ಅಂಟು ತುಂಬುತ್ತಿತ್ತು. ಅದು ಇನ್ನೂ ಹಾಗೇ ಇದ್ದರೆ ಕಾವು ಕಾರ್ಖಾನೆಯದೇ ಎನ್ನಲು ಅದೊಂದು ಒಳ್ಳೆಯ ಸುಳಿವು. ಮಾರುವವರು ಇಲ್ಲಿ ಮಾಡುವ ದೊಡ್ಡ ಅನಾಹುತ ಎಂದರೆ, ಉದ್ದ ಕಾವಿನ ಪಾರ್ಸೆಲ್ಲಿಗೆ ಖರ್ಚು ಹೆಚ್ಚೆಂದು ಅದನ್ನು ಗರಗಸದಿಂದ ಕೊಯ್ದುಬಿಡುವುದು, ಇಲ್ಲವೇ ಬಿಗಿಯಾದ ಕಾವು ತೆಗೆಯಲು ತಲೆಯನ್ನು ಬೆಂಕಿಗೆ ಹಾಕುವುದು. ಮೊದಲನೆಯದರಿಂದ ಕಾವಿನ ಬೆಲೆ ಹೋಗುತ್ತದೆ, ಎರಡನೆಯದರಿಂದ ತಲೆಯ ಹದವೂ ಹೋಗುತ್ತದೆ.

ಇಷ್ಟಾದ ಮೇಲೆ ನ್ಯಾಯವಾದ ಆಕ್ಷೇಪಗಳು ಏಳುತ್ತವೆ. ತುಕ್ಕನ್ನು ಹಾಗೇ ಬಿಟ್ಟರೆ ಅದು ಲೋಹವನ್ನು ತಿಂದುಹಾಕುವುದಿಲ್ಲವೇ? ತಿನ್ನುತ್ತದೆ, ಆದರೆ ಎಲ್ಲ ತುಕ್ಕೂ ಒಂದೇ ಅಲ್ಲ. ಬೆರಳಿಗೆ ಅಂಟುವ ಕಿತ್ತಳೆ ಬಣ್ಣದ ಪುಡಿ ಇನ್ನೂ ಬೆಳೆಯುತ್ತಿರುವ ತುಕ್ಕು. ಅದನ್ನು ಎಣ್ಣೆ ಹಚ್ಚಿ, ಬಹಳ ನಯವಾದ ಉಕ್ಕಿನ ನಾರಿನಿಂದ ಹಗುರವಾಗಿ ಒರೆಸಿ ತೆಗೆಯಬೇಕು. ಕೆಳಗಿರುವ ಗಟ್ಟಿ ಕಂದು ಕಪ್ಪು ಪದರ ನಿಂತುಹೋದದ್ದು, ಅದನ್ನು ಮುಟ್ಟಬಾರದು. ವಿನೆಗರಿನಲ್ಲಿ ರಾತ್ರಿಯಿಡೀ ಮುಳುಗಿಸುವ ಜನಪ್ರಿಯ ಉಪಾಯ ಎರಡನ್ನೂ ಒಟ್ಟಿಗೆ ಕರಗಿಸಿ ತಲೆಯನ್ನು ಬೂದು ಬಣ್ಣಕ್ಕೆ ತಿರುಗಿಸುತ್ತದೆ. ಜಿಡ್ಡಿನಡಿ ಕಾಗದದ ಲೇಬಲ್ಲಿನ ಚೂರೇನಾದರೂ ಉಳಿದಿದ್ದರೆ ಅದೂ ಹೋಯಿತು. ಕಾವಿಗೆ ಅಗಸೆ ಎಣ್ಣೆ ಹಚ್ಚುವುದು ಒಳ್ಳೆಯದೇ, ಆದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಆ ಎಣ್ಣೆ ಒಣಗುತ್ತ ಶಾಖ ಹುಟ್ಟಿಸಿ, ಬಟ್ಟೆಗೆ ತಾನಾಗಿ ಬೆಂಕಿ ಹೊತ್ತಿಕೊಳ್ಳಬಹುದು. ಬಿಡಿಸಿ ಬಯಲಲ್ಲಿ ಒಣಹಾಕಬೇಕು.

ಕೊಡಲಿ ಇರುವುದೇ ಕಡಿಯಲು, ಗಾಜಿನ ಪೆಟ್ಟಿಗೆಯಲ್ಲಿಡಲು ಅಲ್ಲ ಎಂಬುದು ಎರಡನೆಯ ಆಕ್ಷೇಪ. ಈ ಮಾತಿನ ಬಗ್ಗೆ ನನಗೆ ಗೌರವವಿದೆ. ಆದರೆ ಬಳಸಲು ಬೇಕಾದ ಗಟ್ಟಿಮುಟ್ಟಾದ ಕೊಡಲಿಗೆ ಮುದ್ರೆ ಅಳಿದ, ಗುರುತಿಲ್ಲದ ತಲೆಗಳು ಕಡಿಮೆ ಬೆಲೆಗೆ ಧಾರಾಳವಾಗಿ ಸಿಗುತ್ತವೆ. ಅವನ್ನು ಸಾಣೆ ಹಿಡಿದು, ಹೊಸ ಕಾವು ಹಾಕಿ ನೆಮ್ಮದಿಯಿಂದ ಬಳಸಬಹುದು. ಇನ್ನು ಮಾರುವವರು, ಕೊಳ್ಳುವವರೇ ಹೊಳೆಯುವುದನ್ನು ಕೇಳುತ್ತಾರಲ್ಲ ಎನ್ನುತ್ತಾರೆ. ಕೇಳುವುದು ಹೌದು, ಉಡುಗೊರೆಗೆ ಕೊಳ್ಳುವವರು ಪಾಲಿಶ್ ಮಾಡಿದ್ದನ್ನೇ ಬೇಗ ಕೊಳ್ಳುತ್ತಾರೆ. ಆದರೂ ಮುಟ್ಟದ ತಲೆಯನ್ನು ಮುಂದೆ ಯಾರು ಬೇಕಾದರೂ ಪಾಲಿಶ್ ಮಾಡಿಕೊಳ್ಳಬಹುದು, ಪಾಲಿಶ್ ಮಾಡಿದ್ದನ್ನು ಯಾರೂ ಮೊದಲಿನಂತೆ ಮಾಡಲಾರರು. ಹಾಗೇ ಮಾರಿದರೆ ಎರಡೂ ಬಗೆಯ ಗಿರಾಕಿಗಳು ನಿಮ್ಮ ಬಳಿ ಬರುತ್ತಾರೆ.

ಬೆಲೆ ಗೊತ್ತುಮಾಡುವಾಗ ಕೇಳುತ್ತಿರುವ ಬೆಲೆಯನ್ನು ನಂಬಬೇಡಿ. ಕೇಳಲು ಯಾರು ಎಷ್ಟಾದರೂ ಕೇಳಬಹುದು. ಈಬೇಯಲ್ಲಿ ‘ಮಾರಾಟವಾದವು’ ಎಂದು ಸೋಸಿ ನೋಡುವ ಸೌಲಭ್ಯವಿದೆ; ಅದೇ ಮುದ್ರೆ, ಅದೇ ಆಕಾರ, ಅದೇ ಸ್ಥಿತಿಯ ಕೊಡಲಿಗೆ ಇತ್ತೀಚೆಗೆ ನಿಜವಾಗಿ ಎಷ್ಟು ಬಂತು ಎಂಬುದೇ ಬೆಲೆ. ಹಣ ಕೊಡುವುದು ತಾಣದ ಒಳಗೇ ಇರಲಿ. ಪೇಪಾಲ್‌ನಲ್ಲಿ ಬಂಧುಮಿತ್ರರಿಗೆ ಕಳಿಸುವ ಬಗೆಯಲ್ಲಿ ಹಣ ಕಳಿಸಿ ಎಂದರೆ ಅಲ್ಲೇ ನಿಲ್ಲಿಸಿ, ಆ ದಾರಿಯಲ್ಲಿ ಕೊಳ್ಳುವವರಿಗೆ ರಕ್ಷಣೆ ಇಲ್ಲ. ಫೋಟೊ ಕದ್ದದ್ದೋ ಎಂಬ ಸಂಶಯ ಬಂದರೆ ಇವತ್ತಿನ ತಾರೀಕು ಬರೆದ ಚೀಟಿಯನ್ನು ಕೊಡಲಿಯ ಪಕ್ಕದಲ್ಲಿಟ್ಟು ಹೊಸ ಫೋಟೊ ತೆಗೆಸಿ. ನಮ್ಮಲ್ಲಿ ಮಾರುವವರನ್ನೇ ಗುರಿಮಾಡುವ ಮೋಸವೂ ಇದೆ: ‘ಹಣ ಬರಬೇಕಾದರೆ ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಪಿನ್ ಹಾಕಿ’ ಎನ್ನುತ್ತಾರೆ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಿಲ್ಲ. ಮೋಸವಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಮಾರುವವರು ಕುಂದುಗಳನ್ನು ಮೊದಲ ಸಾಲಿನಲ್ಲೇ ಬರೆಯಬೇಕು. ಬೆಲೆ ಇಳಿಯುತ್ತದೆ ಎಂಬ ಅಂಜಿಕೆ ಸಹಜ. ಆದರೆ ವಿವರಣೆಗೆ ಹೊಂದದ ವಸ್ತುವನ್ನು ಹಿಂತಿರುಗಿಸಿ ಹಣ ಪಡೆಯುವ ಹಕ್ಕು ಈಬೇಯಲ್ಲಿ ಕೊಂಡವರಿಗೆ ಇದೆ, ಆಗ ಎರಡೂ ಕಡೆಯ ಸಾಗಣೆ ಖರ್ಚು ಮಾರಿದವರ ತಲೆಗೇ. ಬಿರುಕಿದ್ದರೆ ಬಿರುಕಿನ ಫೋಟೊ, ಹಿಂಬದಿ ಚಪ್ಪಟೆಯಾಗಿದ್ದರೆ ಅದರ ಫೋಟೊ ಹಾಕಿ. ಯಾವ ಊರಿನ, ಯಾವ ಬಗೆಯ ಮನೆಯಿಂದ ಬಂತು ಎಂದು ಗೊತ್ತಿರುವಷ್ಟನ್ನು ಬರೆಯಿರಿ. ನಮ್ಮೂರ ಕಮ್ಮಾರರು ಬಡಿದ ಕೊಡಲಿಗಳ ಮೇಲೆ ಬಹುಪಾಲು ಯಾವ ಮುದ್ರೆಯೂ ಇರುವುದಿಲ್ಲ. ಅಂಥವಕ್ಕೆ ನೀವು ಬರೆಯುವ ಆ ಎರಡು ಸಾಲೇ ಮುದ್ರೆ. ಪಾರ್ಸೆಲ್ ಕಟ್ಟುವಾಗ ಅಲಗಿಗೆ ದಪ್ಪ ರಟ್ಟು ಮಡಚಿ ಟೇಪು ಸುತ್ತಿ, ತಲೆ ಪೆಟ್ಟಿಗೆಯೊಳಗೆ ಅಲುಗದಂತೆ ತುಂಬಿ. ಸಡಿಲವಾದ ಉಕ್ಕು ರಟ್ಟನ್ನು ಸೀಳಿಕೊಂಡು ಹೊರಬಂದು ಅಂಚೆಯವರ ಕೈ ಕೊಯ್ಯುತ್ತದೆ. ಅಮೆರಿಕದ ಅಂಚೆಯ ಫ್ಲ್ಯಾಟ್ ರೇಟ್ ಪೆಟ್ಟಿಗೆಗೆ ದೇಶದೊಳಗೆ 70 ಪೌಂಡಿನವರೆಗೂ ಒಂದೇ ದರವಾದ್ದರಿಂದ ಬರಿ ತಲೆಗೆ ಎಷ್ಟೋ ಸಲ ಅದೇ ಅಗ್ಗ.

ಭಾರತಕ್ಕೆ ತರಿಸುವವರು ಕಸ್ಟಮ್ಸ್ ಸುಂಕ, ಜಿಎಸ್‌ಟಿ, ಸಾಗಣೆ ಸೇರಿಸಿಯೇ ಲೆಕ್ಕ ಹಾಕಬೇಕು. ಎಷ್ಟೋ ಸಲ ಇವೆಲ್ಲ ಸೇರಿ ಕೊಡಲಿಯ ಬೆಲೆಯನ್ನೇ ಮೀರುತ್ತವೆ. ಕಾನೂನಿನ ಗೆರೆಯೂ ಗೊತ್ತಿರಲಿ. 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಯುದ್ಧಗೊಡಲಿಯ ಹೆಸರಿದೆ. 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಆಯುಧಗಳೂ ಇವೆ. ಆದರೆ ಮನೆಗೆಲಸಕ್ಕೆ, ಕೃಷಿಗೆಂದು ಮಾಡಿದವನ್ನು ಅಲ್ಲೇ ಹೊರಗಿಟ್ಟಿದ್ದಾರೆ. ಸೌದೆ ಕಡಿಯುವ ಕೊಡಲಿಯನ್ನು ಆಕರ್ಷಣೆಗೆಂದು ‘ಯುದ್ಧಗೊಡಲಿ’ ಎಂದು ಬಣ್ಣಿಸುವುದು ಅನಗತ್ಯವಾಗಿ ತೊಂದರೆ ತಂದುಕೊಂಡಂತೆ. ಕಸ್ಟಮ್ಸ್ ಫಾರಮ್ಮಿನಲ್ಲೂ ‘ಬಳಸಿದ, ಮರ ಕಡಿಯುವ ಕೊಡಲಿಯ ತಲೆ’ ಎಂದು ಇದ್ದದ್ದನ್ನು ಇದ್ದಂತೆ ಬರೆಸಿ. ನಮ್ಮ ದೇಶದ ಹಳೆಯ ಯುದ್ಧಗೊಡಲಿಗಳನ್ನು ಹೊರದೇಶದವರಿಗೆ ಮಾರುವ ಆಸೆ ಮಾತ್ರ ಬೇಡ. 100 ವರ್ಷ ದಾಟಿದ, ಚಾರಿತ್ರಿಕ ಮಹತ್ವದ ವಸ್ತು 1972ರ ಕಾಯ್ದೆಯ ಪ್ರಕಾರ ಪುರಾವಸ್ತು. ಖಾಸಗಿಯವರು ಅದನ್ನು ರಫ್ತು ಮಾಡುವಂತಿಲ್ಲ, ಅದರ ವ್ಯಾಪಾರ ನಡೆಸಲೂ ಪರವಾನಗಿ ಬೇಕು. ಕರ್ನಾಟಕದವರಿಗೆ ಇದು ದೂರದ ಮಾತಲ್ಲ. ಬಳ್ಳಾರಿಯ ಪಕ್ಕದ ಸಂಗನಕಲ್ಲಿನ ಗುಡ್ಡಗಳಲ್ಲಿ ನವಶಿಲಾಯುಗದ ಜನ ಕಲ್ಲಿನ ಕೊಡಲಿಗಳನ್ನು ರಾಶಿ ರಾಶಿಯಾಗಿ ತಯಾರಿಸುತ್ತಿದ್ದರು, ಉಜ್ಜಿ ನಯಗೊಳಿಸಿದ ಅಂಥ ಕೊಡಲಿಗಳು ಉತ್ತರ ಕರ್ನಾಟಕದ ಹೊಲಗಳಲ್ಲಿ ಇಂದಿಗೂ ಸಿಗುತ್ತವೆ. ಯಾರಾದರೂ ಅಂಥ ಕಲ್ಲಿನ ಕೊಡಲಿಯನ್ನು ಆನ್‌ಲೈನಿನಲ್ಲಿ ಮಾರಲು ಇಟ್ಟಿದ್ದರೆ ಕೊಳ್ಳಬೇಡಿ. ನಿಮ್ಮ ಹೊಲದಲ್ಲೇ ಸಿಕ್ಕರೆ ತೊಳೆಯದೆ, ಉಜ್ಜದೆ, ಸಿಕ್ಕ ಜಾಗ ಗುರುತಿಟ್ಟು ಫೋಟೊ ತೆಗೆದು ರಾಜ್ಯ ಪುರಾತತ್ವ ಇಲಾಖೆಗೆ ತಿಳಿಸಿ.