ಬನಶಂಕರಿಯ ದರ್ಶನ

ಬಾಗಲಕೋಟೆ ಜಿಲ್ಲೆಯ ಬಾದಾಮಿಯಿಂದ ಸುಮಾರು 5 ಕಿಲೋಮೀಟರ್ ದೂರದಲ್ಲಿ, ಚೊಳಚಗುಡ್ಡ ಗ್ರಾಮದ ಬಳಿ, ಬನಶಂಕರಿಯ ದೇವಾಲಯವಿದೆ. ಬನವೆಂದರೆ ವನ, ವನದಲ್ಲಿ ನೆಲೆಸಿದ ಶಂಕರಿಯೇ ಬನಶಂಕರಿ. ಈ ಪ್ರದೇಶಕ್ಕೆ ತಿಲಕಾರಣ್ಯವೆಂಬ ಹೆಸರು ಪರಂಪರೆಯಿಂದ ಬಂದಿದೆ. ದೇವಿಗೆ ಶಾಕಂಭರಿಯೆಂಬ ಇನ್ನೊಂದು ನಾಮವೂ ಉಂಟು. ಈ ನಾಮದ ಅರ್ಥವನ್ನರಿತು ಹೋದವರಿಗೆ ಕ್ಷೇತ್ರದರ್ಶನವು ಹೆಚ್ಚು ಫಲಪ್ರದವಾಗುತ್ತದೆ.

ಶಾಕವೆಂದರೆ ಕಾಯಿಪಲ್ಯ, ಅದರಿಂದ ಲೋಕವನ್ನು ಪೋಷಿಸಿದವಳು ಶಾಕಂಭರಿ. ದೇವೀಮಾಹಾತ್ಮ್ಯದ 11ನೆಯ ಅಧ್ಯಾಯದಲ್ಲಿ ಇದರ ಮೂಲವಿದೆ. ನೂರು ವರ್ಷ ಮಳೆಯಿಲ್ಲದೆ ಭೂಮಿ ಬತ್ತಿದಾಗ ಮುನಿಗಳ ಸ್ತುತಿಗೆ ಒಲಿದು ಅವತರಿಸುವೆನೆಂದೂ, ಅವರನ್ನು ನೂರು ಕಣ್ಣುಗಳಿಂದ ನೋಡುವೆನೆಂದೂ, ಮಳೆ ಬರುವವರೆಗೆ ತನ್ನ ದೇಹದಿಂದ ಹುಟ್ಟಿದ ಶಾಕಗಳಿಂದಲೇ ಲೋಕವನ್ನು ಸಲಹುವೆನೆಂದೂ ದೇವಿಯು ಅಲ್ಲಿ ಅಭಯವೀಯುತ್ತಾಳೆ.

ಮಳೆಯನ್ನೇ ನಂಬಿದ ಈ ನಾಡಿಗೆ ಇದು ದೂರದ ಕಥೆಯಲ್ಲ. 1876-78ರ ಮಹಾಕ್ಷಾಮದಲ್ಲಿ, ಬಾದಾಮಿಯನ್ನು ಒಳಗೊಂಡಿದ್ದ ಅಂದಿನ ಕಲಾದಗಿ ಜಿಲ್ಲೆಯು ತೀವ್ರ ಸಂಕಟಕ್ಕೆ ಈಡಾಯಿತು. ದೇವಾಲಯದ ಎದುರಿನ ಹರಿದ್ರಾತೀರ್ಥವು ಸುಮಾರು 360 ಅಡಿಗಳ ಚೌಕಾಕಾರದ ಹೊಂಡ. ಅದರ ಮೂರು ಬದಿಗಳಲ್ಲಿ ಕಲ್ಲಿನ ಮಂಟಪಗಳಿವೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಈ ಹೊಂಡವೂ ಬತ್ತಿದ್ದುಂಟು. ಬರಿದಾದ ಮೆಟ್ಟಿಲುಗಳನ್ನು ಕಂಡ ಭಕ್ತನಿಗೆ ಶಾಕಂಭರಿಯ ಕಥೆಯನ್ನು ಯಾರೂ ವಿವರಿಸಬೇಕಿಲ್ಲ.

ಮೂಲ ದೇವಾಲಯವು ಚಾಲುಕ್ಯರ ಕಾಲದ್ದು. ಕಲ್ಯಾಣದ ಚಾಲುಕ್ಯರು ಬನಶಂಕರಿಯನ್ನು ಕುಲದೇವತೆಯೆಂದು ಆರಾಧಿಸಿದರು. ಈಗಿನ ಕಟ್ಟಡವನ್ನು 1750ರಲ್ಲಿ ಮರಾಠ ಸರದಾರ ಪರಶುರಾಮ ಆಗಳೆ ಕಟ್ಟಿಸಿದನು. ನೇಕಾರರಾದ ದೇವಾಂಗದವರಿಗೂ ಈಕೆ ಕುಲದೇವತೆ. ಗರ್ಭಗುಡಿಯಲ್ಲಿ ಕೃಷ್ಣಶಿಲೆಯ ಅಷ್ಟಭುಜೆಯು ಸಿಂಹವಾಹಿನಿಯಾಗಿ, ರಾಕ್ಷಸನನ್ನು ಪಾದದಡಿ ಮೆಟ್ಟಿ ಕುಳಿತಿದ್ದಾಳೆ. ಆಯುಧ ಹಿಡಿದ ಈ ಉಗ್ರಮೂರ್ತಿಯೇ ಅನ್ನವಿಕ್ಕುವ ತಾಯಿಯೂ ಹೌದೆಂಬುದು ಮನನೀಯವಾದ ಸಂಗತಿ. ಹಸಿವೂ ಒಂದು ರಾಕ್ಷಸನೇ. ಅದನ್ನು ಮೆಟ್ಟುವುದೂ ಶಕ್ತಿಯ ಕಾರ್ಯವೇ.

ಪುಷ್ಯಮಾಸದ ಹುಣ್ಣಿಮೆಯಂದು ಇಲ್ಲಿ ರಥೋತ್ಸವ. ಜನರು ಅದನ್ನು ಬನದ ಹುಣ್ಣಿಮೆಯೆನ್ನುತ್ತಾರೆ. ಅದಕ್ಕೆ ಮುನ್ನ ನಡೆಯುವ ಪಲ್ಲೇದ ಹಬ್ಬದಲ್ಲಿ 108 ಬಗೆಯ ಪಲ್ಯಗಳನ್ನು ದೇವಿಗೆ ನೈವೇದ್ಯ ಮಾಡುವರು. ಆಗ ಹಿಂಗಾರಿ ಜೋಳವು ಇನ್ನೂ ಹೊಲದಲ್ಲಿಯೇ ನಿಂತಿರುತ್ತದೆ. ರಾಶಿ ಮನೆಗೆ ಬರುವ ಮುನ್ನವೇ ರೈತನು ಇದ್ದುದರಲ್ಲಿ ಅರ್ಪಿಸುತ್ತಾನೆ. ಕಣಜ ತುಂಬಿದ ಬಳಿಕ ಕೊಡುವುದು ಸುಲಭ. ತುಂಬುವ ಮುನ್ನ ಕೊಡುವುದರಲ್ಲಿ ನಂಬಿಕೆಯಿದೆ.

ಬಾದಾಮಿಯ ಗುಹೆಗಳನ್ನು ನೋಡಲು ಹೊರಟ ಶಾಲಾಪ್ರವಾಸಗಳು ಮಧ್ಯಾಹ್ನಕ್ಕೆ ಬನಶಂಕರಿಯಲ್ಲಿ ತಂಗುವುದು ವಾಡಿಕೆ. ಗುಡಿಯ ಬಳಿ ತಾಯಂದಿರು ಬುಟ್ಟಿಗಳಲ್ಲಿ ಜೋಳದ ರೊಟ್ಟಿ, ಪಲ್ಯ, ಚಟ್ನಿ, ಮೊಸರನ್ನು ಇಟ್ಟುಕೊಂಡು ಕುಳಿತಿರುತ್ತಾರೆ. ಹಸಿದ ಬಾಲಕನ ಅಂಗೈಗೆ ಅವರು ಇಕ್ಕುವ ರೊಟ್ಟಿಯೂ ಆ ಕ್ಷೇತ್ರದ ಪಾಠವೇ. ಅದನ್ನು ಚೆಲ್ಲದೆ ಉಂಡು, ಪಕ್ಕದವನಿಗೊಂದು ತುತ್ತು ಕೊಟ್ಟು ಎದ್ದವನು ದೇವಿಯ ದರ್ಶನವನ್ನು ಪೂರ್ಣವಾಗಿ ಪಡೆದಂತಾಯಿತು.