ಟಿಪ್ಪಣಿಗೆ ಕಾಗದವೋ, ಯಂತ್ರವೋ?

ತರಗತಿಯ ಟಿಪ್ಪಣಿಗೆ ಕಾಗದ ಲೇಸೋ, ಲ್ಯಾಪ್‌ಟಾಪ್ ಲೇಸೋ ಎಂಬ ಚರ್ಚೆ ನಮ್ಮಲ್ಲಿ ಆಗಾಗ ಏಳುವುದುಂಟು. ಕಳೆದ ವರ್ಷ ನಾನು ಇತಿಹಾಸದ ಪಾಠಗಳನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ಬೆರಳಚ್ಚಿಸಿಕೊಂಡೆ. ಅಧ್ಯಾಪಕರ ಒಂದು ಮಾತೂ ತಪ್ಪಿರಲಿಲ್ಲ. ಆದರೂ 1831ರಿಂದ ಮೈಸೂರನ್ನು ಆಳಿದ ಬ್ರಿಟಿಷರು 1881ರಲ್ಲಿ ಅದನ್ನು ಒಡೆಯರಿಗೆ ಹಿಂದಿರುಗಿಸಿದುದೇಕೆ ಎಂದು ಪರೀಕ್ಷೆಯಲ್ಲಿ ಕೇಳಿದಾಗ, ಇಸವಿಗಳ ಹೊರತು ನನಗೇನೂ ಹೊಳೆಯಲಿಲ್ಲ. ಬರೆದುಕೊಳ್ಳುವ ಭರದಲ್ಲಿ ನಾನು ಯೋಚಿಸಿಯೇ ಇರಲಿಲ್ಲ.

2014ರಲ್ಲಿ ಅಮೆರಿಕದ ಮ್ಯುಲ್ಲರ್ ಮತ್ತು ಓಪನ್‌ಹೈಮರ್ ಎಂಬ ಸಂಶೋಧಕರು ಈ ವಿಷಯವನ್ನೇ ಪರೀಕ್ಷಿಸಿದರು. ಬೆರಳಚ್ಚಿಸಿದವರು ಉಪನ್ಯಾಸವನ್ನು ಮಾತಿಗೆ ಮಾತಾಗಿ ಇಳಿಸಿಕೊಳ್ಳುವುದು ಹೆಚ್ಚು; ವಿಚಾರಾತ್ಮಕ ಪ್ರಶ್ನೆಗಳಲ್ಲಿ ಅವರು ಕೈಬರಹದವರಿಗಿಂತ ಹಿಂದುಳಿದರು. ಆದರೆ 2021ರಲ್ಲಿ ಬೇರೆ ಸಂಶೋಧಕರು ಅದೇ ಪ್ರಯೋಗವನ್ನು ಮತ್ತೆ ನಡೆಸಿದಾಗ, ಮೊದಲನೆಯ ಅಂಶ ಕಂಡಿತೇ ಹೊರತು ಎರಡನೆಯದು ದೃಢಪಡಲಿಲ್ಲ. ಆದುದರಿಂದ ಯಂತ್ರವನ್ನಷ್ಟೇ ದೂರುವುದು ನ್ಯಾಯವಲ್ಲ. ಹುಡುಕುವುದಕ್ಕೂ ಕಾಪಿಡುವುದಕ್ಕೂ ಅದು ಬಹಳ ಅನುಕೂಲ.

ಕೈಬರಹ ನಿಧಾನವಾದುದರಿಂದ ಮುಖ್ಯವಾದುದನ್ನು ಆಯ್ದುಕೊಳ್ಳಲೇಬೇಕಾಗುತ್ತದೆ. ಈಗ ನಾನು ತರಗತಿಯಲ್ಲಿ ಕಾಗದದ ಮೇಲೆ ನನ್ನದೇ ಮಾತಿನಲ್ಲಿ ಬರೆದು, ಸಂಜೆ ಅದರ ಸಾರವನ್ನು ಲ್ಯಾಪ್‌ಟಾಪಿಗೆ ಏರಿಸುತ್ತೇನೆ. ಮಿತ್ರರು ಯಾವ ಸಾಧನವನ್ನಾದರೂ ಹಿಡಿಯಲಿ; ತಿಳಿದು ಬರೆದ ಹತ್ತು ಸಾಲು, ತಿಳಿಯದೆ ಬರೆದ ಹತ್ತು ಪುಟಕ್ಕಿಂತ ಮೇಲು ಎಂಬುದು ನನ್ನ ಅನುಭವ.